ಘಟ್ಟ ಇಳಿದು ಸೂರ್ಯನ ಬೇಟೆ: ಹಾಸನದವರ ಕಡಲ ಫೋಟೋ ಹುಚ್ಚು

ಹಾಸನಕ್ಕೆ ಬೆಟ್ಟವಿದೆ, ಹೊಳೆಯಿದೆ, ಕೆರೆಯಿದೆ, ಕಾಫಿ ತೋಟವಿದೆ. ಇಲ್ಲದ್ದು ಒಂದೇ: ಸಮುದ್ರ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಯಾವುದೇ ಮನೆಯ ಫೋಟೋ ಆಲ್ಬಂ ತೆರೆದು ನೋಡಿ. ಮೊದಲ ಪುಟದಲ್ಲಿ ಮದುವೆ, ನಡುವೆ ನಾಮಕರಣ, ಎಲ್ಲೋ ಒಂದು ಕಡೆ ಕಡಲ ದಂಡೆಯಲ್ಲಿ ಮುಳುಗುವ ಸೂರ್ಯ ಇದ್ದೇ ಇರುತ್ತಾನೆ! ಸೂರ್ಯನ ಮುಂದೆ ಪ್ಯಾಂಟು ಮಡಚಿ ನಿಂತ ಯಜಮಾನರು, ಸೀರೆ ನೆರಿಗೆ ಎತ್ತಿ ಹಿಡಿದ ಮನೆಯವರು, ಅಲೆಗೆ ಹೆದರಿ ಅಳುತ್ತಿರುವ ಮಗು. ಮುಖಗಳೆಲ್ಲ ಕಪ್ಪು. ಸೂರ್ಯ ಬಿಳಿ ಚುಕ್ಕೆ. ಆದರೂ ಆ ಫೋಟೋ ಆಲ್ಬಮ್ಮಿನಿಂದ ಹೊರಗೆ ಹೋಗುವುದಿಲ್ಲ.

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ದಸರಾ ರಜೆ, ಕ್ರಿಸ್‌ಮಸ್ ರಜೆ, ಶಾಲಾ ಪ್ರವಾಸದ ಕಾಲ ಬಂತೆಂದರೆ ಶಿರಾಡಿ ಘಾಟಿಯಲ್ಲಿ ಹಾಸನದ ಬಸ್ಸು, ವ್ಯಾನು, ಕಾರುಗಳ ಸಾಲು. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು ಎಂದು ಹೊರಟವರು ಕಡಲು ನೋಡದೆ ಹಿಂದಿರುಗುವುದಿಲ್ಲ. 'ಬೆಳಿಗ್ಗೆ ದೇವರ ದರ್ಶನ, ಸಂಜೆ ಸೂರ್ಯನ ದರ್ಶನ ಕಣ್ರೀ' ಎಂಬುದೇ ಪ್ರವಾಸದ ಲೆಕ್ಕ. ಈ ಲೆಕ್ಕದಲ್ಲಿ ಖುಷಿಯೂ ಇದೆ, ಕಾಸಿನ ವ್ಯವಹಾರವೂ ಇದೆ, ಕೆಲವೊಮ್ಮೆ ಪ್ರಾಣದ ಪ್ರಶ್ನೆಯೂ ಇದೆ. ಆದ್ದರಿಂದಲೇ ಈ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಪರದೆಯ ಮೇಲಿನ ಸಮುದ್ರ

ಕಡಲ ಸೂರ್ಯಾಸ್ತ ಹಾಸನ ಜಿಲ್ಲೆಗೆ ಮೊಬೈಲಿನೊಂದಿಗೆ ಬಂದದ್ದಲ್ಲ. ಅದಕ್ಕೂ ಬಹಳ ಮೊದಲೇ ಬಂದಿತ್ತು, ಬಟ್ಟೆಯ ಮೇಲೆ! ಆಗಿನ ಸಣ್ಣ ಊರುಗಳ ಫೋಟೋ ಸ್ಟುಡಿಯೋಗಳಲ್ಲಿ ಹಿಂದುಗಡೆ ಒಂದು ಬಣ್ಣದ ಪರದೆ ತೂಗುಬಿಡುತ್ತಿದ್ದರು. ಅದರಲ್ಲಿ ಒಂದು ಸಮುದ್ರ, ಬಾಗಿದ ತೆಂಗಿನಮರ, ಹಾಯಿ ದೋಣಿ, ಅರ್ಧ ಮುಳುಗಿದ ಸೂರ್ಯ. ಸಮುದ್ರವನ್ನೇ ಕಾಣದ ರೈತ ಕುಟುಂಬಗಳು ಅದರ ಮುಂದೆ ಮರದ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡವು. ಹೊಸದಾಗಿ ಮದುವೆಯಾದವರು ಅಲ್ಲೇ ನಿಂತರು. ಮಿಲಿಟರಿಗೆ ಹೊರಟ ಹುಡುಗರು ಅಲ್ಲೇ ನಿಂತರು.

ಕ್ಯಾಮೆರಾ ಸ್ವಂತಕ್ಕೆ ಇಟ್ಟುಕೊಂಡವರು ಅಂದು ಊರಿಗೆ ಬೆರಳೆಣಿಕೆ. ಮಧ್ಯಮ ವರ್ಗದ ಮನೆಗಳಲ್ಲಿ ಆಗ್ಫಾ ಕ್ಲಿಕ್ 3 ಎಂಬ ಡಬ್ಬಿ ಕ್ಯಾಮೆರಾ ಇರುತ್ತಿತ್ತು. 120 ನಂಬರಿನ ಒಂದು ರೋಲಿಗೆ 12 ಫೋಟೋ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮು ಅಂಗಡಿಯಲ್ಲಿ ಸಿಗುತ್ತಿತ್ತು. ಅದು ಕಪ್ಪು-ಬಿಳುಪು. ಕೆಂಪು ಸೂರ್ಯನನ್ನು ನೋಡಿ ಕ್ಲಿಕ್ಕಿಸಿದರೆ ಬರುತ್ತಿದ್ದುದು ಬೂದು ಸೂರ್ಯ. ಕಲರ್ ಫಿಲ್ಮ್ ಬಂದ ಮೇಲೂ ಅದನ್ನು ತೊಳೆಯಲು ದೊಡ್ಡ ಊರಿನ ಲ್ಯಾಬಿಗೆ ಕಳುಹಿಸಿ ದಿನಗಟ್ಟಲೆ ಕಾಯಬೇಕಿತ್ತು. ಆಮೇಲೆ ಬಂದದ್ದು 36 ಫೋಟೋಗಳ ರೋಲು. 36ರಲ್ಲಿ ಸೂರ್ಯನಿಗೆ ಎರಡು ಕೊಟ್ಟರೆ ಹೆಚ್ಚು.

ಹೀಗಾಗಿ ಆ ಕಾಲದವರು ಗುಂಡಿ ಒತ್ತುವ ಮೊದಲು ಯೋಚಿಸುತ್ತಿದ್ದರು. ಇಂದಿನವರು ಒಂದು ಸಂಜೆಗೆ ಇನ್ನೂರು ತೆಗೆದು, ಒಂದನ್ನೂ ನೋಡದೆ ಮಲಗುತ್ತಾರೆ. ಕಾಲ ಬದಲಾಯಿತು. ಆದರೆ ಪರದೆಯ ಮೇಲಿದ್ದ ಆ ಸಮುದ್ರವನ್ನು ಕಣ್ಣಾರೆ ಕಂಡು ಅದರ ಮುಂದೆ ನಿಲ್ಲಬೇಕೆಂಬ ಆಸೆ ಮಾತ್ರ ಬದಲಾಗಿಲ್ಲ.

ದಾರಿ ತೆರೆದದ್ದು ಹೇಗೆ?

ಹಾಸನ ಇರುವುದು ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿ. 'ಬಡವರ ಊಟಿ' ಎಂಬ ಹೆಸರು ಅದಕ್ಕೇ. ಇಲ್ಲಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 170 ಕಿಲೋಮೀಟರ್. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನವರಿಗೆ ಇನ್ನೂ 30-40 ಕಿಲೋಮೀಟರ್ ಜಾಸ್ತಿ. ಸಕಲೇಶಪುರ ದಾಟಿ ಮಾರನಹಳ್ಳಿ ಕಳೆದರೆ ಶಿರಾಡಿ ಘಾಟಿ. ಅದು ಇಳಿದರೆ ಗುಂಡ್ಯ. ಅಲ್ಲಿಗೆ ಮಲೆನಾಡಿನ ತಂಪು ಮುಗಿದು ಕರಾವಳಿಯ ಬೆವರು ಶುರು.

ರೈಲು ದಾರಿ ಬಂದದ್ದು 1979ರಲ್ಲಿ. ಆಗ ಅದು ಮೀಟರ್ ಗೇಜ್. 1990ರ ದಶಕದ ನಡುವೆ ಬ್ರಾಡ್ ಗೇಜ್ ಮಾಡುತ್ತೇವೆಂದು ರೈಲು ನಿಲ್ಲಿಸಿದರು. ನಿಂತ ರೈಲು ವರ್ಷಗಟ್ಟಲೆ ಬರಲೇ ಇಲ್ಲ! ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ. 2021ರ ಜುಲೈನಲ್ಲಿ ಈ ಮಾರ್ಗದ ಹಗಲು ರೈಲುಗಳಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಜೋಡಿಸಿದರು. ಘಟ್ಟದ ಹಸಿರು ಹಿಡಿಯಲು ಕ್ಯಾಮೆರಾದವರಿಗೆ ಅದೊಂದು ಹಬ್ಬ.

ರಸ್ತೆಯ ಕಥೆ ಮಾತ್ರ ಎಲ್ಲರಿಗೂ ಗೊತ್ತಿರುವುದೇ. 2018ರ ಆಗಸ್ಟಿನ ಮಳೆಗೆ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್. 2021ರ ಮಳೆಗಾಲದಲ್ಲಿ ದೋಣಿಗಾಲ್ ಬಳಿ ರಸ್ತೆಯೇ ಜಾರಿತು. 2024ರ ಜುಲೈನಲ್ಲಿ ಮತ್ತೆ ಮಣ್ಣು ಕುಸಿತ. ಆದ್ದರಿಂದ ಆಷಾಢ-ಶ್ರಾವಣದಲ್ಲಿ ಸೂರ್ಯಾಸ್ತ ನೋಡಲು ಹೊರಡುವವರು ಮೊದಲು ನೋಡಬೇಕಾದದ್ದು ಸೂರ್ಯನನ್ನಲ್ಲ, ಘಾಟಿ ತೆರೆದಿದೆಯೇ ಎಂಬುದನ್ನು.

ಐದು ನಿಮಿಷದ ಲೆಕ್ಕ

ಧರ್ಮಸ್ಥಳದಲ್ಲಿ ಊಟ ಮುಗಿಸಿ, ಮೂರೂವರೆಗೆ ಎದ್ದು, 'ಇನ್ನೂ ಬಿಸಿಲಿದೆ ಬಿಡ್ರೀ' ಎಂದು ಕಾಫಿ ಕುಡಿದು ಹೊರಟವರಿಗೆ ಸಾಮಾನ್ಯವಾಗಿ ಸಿಗುವುದು ಕತ್ತಲ ಸಮುದ್ರ. ಧರ್ಮಸ್ಥಳದಿಂದ ಮಂಗಳೂರಿಗೆ ಸುಮಾರು 75 ಕಿಲೋಮೀಟರ್. ಪಟ್ಟಣದ ಟ್ರಾಫಿಕ್ಕು ದಾಟಿ ಪಣಂಬೂರು ಮುಟ್ಟುವಷ್ಟರಲ್ಲಿ ಸೂರ್ಯ ಮುಳುಗಿ ಕಡಲೆಕಾಯಿ ಮಾರುವವರ ದೀಪ ಹತ್ತಿರುತ್ತದೆ.

ಲೆಕ್ಕ ಹೀಗಿದೆ. ಮಂಗಳೂರು ಹಾಸನಕ್ಕಿಂತ ಪಶ್ಚಿಮಕ್ಕೆ ಇರುವುದರಿಂದ ಅಲ್ಲಿ ಸೂರ್ಯ ಸುಮಾರು ಐದು ನಿಮಿಷ ತಡವಾಗಿ ಮುಳುಗುತ್ತಾನೆ. ನವೆಂಬರ್ ಕೊನೆಯ ವಾರದಲ್ಲಿ ಮಂಗಳೂರಿನ ಸೂರ್ಯಾಸ್ತ ಸಂಜೆ 6 ಗಂಟೆಯ ಹೊತ್ತಿಗೆ. ಜುಲೈ ಮೊದಲ ವಾರಗಳಲ್ಲಿ 7 ಗಂಟೆಯ ಹೊತ್ತಿಗೆ. ಅಂದರೆ ಒಂದು ಗಂಟೆಯ ವ್ಯತ್ಯಾಸ. ಬೇಸಿಗೆ ರಜೆಯಲ್ಲಿ ಹೋಗಿ ಬಂದವರು ಅದೇ ವೇಳೆ ಹಿಡಿದುಕೊಂಡು ಚಳಿಗಾಲದಲ್ಲಿ ಹೋದರೆ ಕೆಟ್ಟರು.

ಇನ್ನೊಂದು ವಿಷಯ. ಸೂರ್ಯ ವರ್ಷಪೂರ್ತಿ ಒಂದೇ ಜಾಗದಲ್ಲಿ ಮುಳುಗುವುದಿಲ್ಲ. ಜೂನಿನಲ್ಲಿ ನೇರ ಪಡುವಣಕ್ಕಿಂತ ಸುಮಾರು 24 ಡಿಗ್ರಿ ಬಲಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ಎಡಕ್ಕೆ. ಹೋದ ಸಲ ಬಂಡೆಯ ಪಕ್ಕ ಮುಳುಗಿದವನು ಈ ಸಲ ದೋಣಿಯ ಪಕ್ಕ ಮುಳುಗಿದರೆ ಆಶ್ಚರ್ಯವಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್ 20ರ ಆಸುಪಾಸಿನಲ್ಲಿ ಮಾತ್ರ ಆತ ನೇರ ಪಶ್ಚಿಮಕ್ಕೆ ಇಳಿಯುತ್ತಾನೆ.

ನಮ್ಮ ಭಾಗದಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಕೆಳಕ್ಕೆ ಇಳಿಯುತ್ತಾನೆ. ಕೆಳ ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷದ ಮೇಲೆ ಸ್ವಲ್ಪ, ಅಷ್ಟೇ! ಯೂರೋಪಿನ ಉತ್ತರದ ದೇಶಗಳಲ್ಲಿ ಆತ ಓರೆಯಾಗಿ ಜಾರುತ್ತಾನೆ, ಸಂಜೆಗೆಂಪು ಬಹಳ ಹೊತ್ತು ಇರುತ್ತದೆ. ನಮ್ಮಲ್ಲಿ ಅಂಥ ಧಾರಾಳವಿಲ್ಲ. 'ತಾಳಿ, ಎಲ್ಲರೂ ಸಾಲಾಗಿ ನಿಲ್ರೀ, ಅತ್ತಿಗೆ ಎಲ್ಲೋದ್ರು?' ಎನ್ನುವಷ್ಟರಲ್ಲಿ ಆಟ ಮುಗಿದಿರುತ್ತದೆ.

ಮುಳುಗಿದವನನ್ನೇ ನೋಡುವುದು!

ಕೇಳಿದರೆ ನಂಬುವುದು ಕಷ್ಟ. ಸೂರ್ಯನ ಕೆಳ ಅಂಚು ನೀರಿಗೆ ತಾಗಿದಂತೆ ಕಾಣುವ ಹೊತ್ತಿಗೆ ಲೆಕ್ಕದ ಪ್ರಕಾರ ಆತ ಆಗಲೇ ದಿಗಂತದ ಕೆಳಗೆ ಹೋಗಿರುತ್ತಾನೆ. ಭೂಮಿಯ ಗಾಳಿ ಅವನ ಬೆಳಕನ್ನು ಬಗ್ಗಿಸಿ ಮೇಲಕ್ಕೆ ಎತ್ತಿ ತೋರಿಸುತ್ತದೆ. ಹಾಗೆ ಎತ್ತುವ ಪ್ರಮಾಣ ಹೆಚ್ಚುಕಮ್ಮಿ ಸೂರ್ಯಬಿಂಬದ ಅಗಲದಷ್ಟೇ. ಕೆಳ ಅಂಚನ್ನು ಮೇಲ ಅಂಚಿಗಿಂತ ಜಾಸ್ತಿ ಎತ್ತುವುದರಿಂದ ಬಿಂಬ ಚಪ್ಪಟೆಯಾಗಿ, ಅದುಮಿದ ಮೊಟ್ಟೆಯ ಹಾಗೆ ಕಾಣುತ್ತದೆ. ಫೋಟೋದಲ್ಲಿ ಹಾಗೆ ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದು ತಿಳಿಯಬೇಕಿಲ್ಲ.

ಕೆಂಪೇಕೆ? ಮಧ್ಯಾಹ್ನದ ಬೆಳಕು ಗಾಳಿಯನ್ನು ನೇರವಾಗಿ ಸೀಳಿ ಬರುತ್ತದೆ. ಸಂಜೆಯ ಬೆಳಕು ಓರೆಯಾಗಿ, ಬಹಳ ದೂರ ಗಾಳಿಯೊಳಗೇ ಸಾಗಿ ಬರಬೇಕು. ದಾರಿಯಲ್ಲಿ ನೀಲಿ ಚೆದುರಿ ಹೋಗುತ್ತದೆ, ಕೆಂಪು ಉಳಿಯುತ್ತದೆ. ಬೆಳಕು ಚೆದುರುವ ಇದೇ ವಿದ್ಯೆಯ ಬೆನ್ನು ಹತ್ತಿದವರು ಸರ್ ಸಿ.ವಿ. ರಾಮನ್. 1921ರಲ್ಲಿ ಹಡಗಿನ ಪ್ರಯಾಣದಲ್ಲಿ ಸಮುದ್ರದ ನೀಲಿ ಬಣ್ಣವನ್ನು ಪರೀಕ್ಷಿಸಿ, ಅದು ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಕಣಗಳೇ ಬೆಳಕನ್ನು ಚೆದುರಿಸುತ್ತವೆ ಎಂದು ತೋರಿಸಿದರು. ಅಲ್ಲಿಂದ ಹೊರಟ ಕೆಲಸವೇ ಮುಂದೆ 1930ರ ನೊಬೆಲ್ ಬಹುಮಾನದವರೆಗೆ ಹೋಯಿತು. ಕಡಲ ದಂಡೆಯಲ್ಲಿ ಬಣ್ಣ ನೋಡಿ 'ಏನ್ ಚೆಂದ' ಎಂದು ಸುಮ್ಮನಾಗದೆ 'ಯಾಕೆ?' ಎಂದು ಕೇಳಿದ್ದರ ಫಲ ಅದು.

ಮಳೆ ಹೊಯ್ದು ತೊಳೆದ ಆಕಾಶ, ಮೇಲೆ ತೆಳು ಮೋಡ, ದಿಗಂತದ ಬಳಿ ಬಯಲು — ಇಷ್ಟಿದ್ದರೆ ಬಣ್ಣ ಚೆನ್ನಾಗಿ ಬರುತ್ತದೆ. ಅಕ್ಟೋಬರ್, ನವೆಂಬರ್ ಅದಕ್ಕೆ ಹೇಳಿ ಮಾಡಿಸಿದ ತಿಂಗಳು. ಬೇಸಿಗೆಯಲ್ಲಿ ಧೂಳು, ಉಪ್ಪಿನ ಮಂಜು ಸೇರಿ ಎಷ್ಟೋ ದಿನ ಸೂರ್ಯ ನೀರಿಗೆ ತಾಗುವ ಮೊದಲೇ ಮಾಸಿ ಮಾಯವಾಗುತ್ತಾನೆ.

ಯಾವ ದಂಡೆ, ಯಾವ ಚಿತ್ರ?

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಎಲ್ಲ ಕಡೆ ಒಂದೇ ಚಿತ್ರ ಸಿಗುವುದಿಲ್ಲ.

ಮಂಗಳೂರಿನ ಪಣಂಬೂರು ಹಾಸನದವರಿಗೆ ಹತ್ತಿರ. ಪಕ್ಕದಲ್ಲೇ 1974ರಲ್ಲಿ ಮೇಜರ್ ಪೋರ್ಟ್ ಎನಿಸಿಕೊಂಡ ನವಮಂಗಳೂರು ಬಂದರು ಇರುವುದರಿಂದ, ದೂರದಲ್ಲಿ ಲಂಗರು ಹಾಕಿದ ಹಡಗುಗಳ ಕಪ್ಪು ಆಕೃತಿ ಸೂರ್ಯನ ಎದುರು ಸಿಗುತ್ತದೆ. ಉಳ್ಳಾಲದ ಸೋಮೇಶ್ವರದಲ್ಲಿ ದೇವಸ್ಥಾನ, ಕಡಲಿಗೆ ಚಾಚಿದ ಬಂಡೆಗಳು. ಚಿತ್ರಕ್ಕೆ ಎಷ್ಟು ಚೆಂದವೋ ಕಾಲಿಗೆ ಅಷ್ಟೇ ಅಪಾಯ. ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ. ಅದು ಚಿತ್ರದೊಳಗೆ ನಿಂತರೆ ಸೂರ್ಯನೊಬ್ಬನೇ ಇರುವ ಬೋಳುತನ ತಪ್ಪುತ್ತದೆ. ಮಲ್ಪೆಯಲ್ಲಿ ಮೀನಿನ ದೋಣಿಗಳು. ಅಲ್ಲಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತ ಲಾವಾ ಶಿಲೆಗಳಿವೆ. ಆದರೆ ದೋಣಿ ಬೆಳಕಿರುವಾಗಲೇ ಹಿಂದಿರುಗುತ್ತದೆ, ಮಳೆಗಾಲದಲ್ಲಿ ಓಡುವುದೇ ಇಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಸೂರ್ಯ ಸಮುದ್ರಕ್ಕೆ ಬಿದ್ದಾಗ ಹೊಳೆಯ ನೀರೂ ಕೆಂಪಾಗುತ್ತದೆ. ಬೆನ್ನು ತಿರುಗಿಸಿ ಆ ಚಿತ್ರ ತೆಗೆಯುವವರು ಕಡಿಮೆ. ಗೋಕರ್ಣದ ಓಂ ಬೀಚಿನಲ್ಲಿ ಮೇಲಿನ ಗುಡ್ಡದಿಂದ ದಂಡೆಯ ಓಂ ಆಕಾರವೇ ಕಾಣುತ್ತದೆ.

2020ರಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ದಂಡೆಗಳಿಗೆ 'ಬ್ಲೂ ಫ್ಲಾಗ್' ಮನ್ನಣೆ ಬಂತು. ಶುಚಿತ್ವ, ಶೌಚಾಲಯ, ರಕ್ಷಣಾ ವ್ಯವಸ್ಥೆ ಇವನ್ನೆಲ್ಲ ನೋಡಿ ಕೊಡುವ ಅಂತಾರಾಷ್ಟ್ರೀಯ ಗುರುತು ಅದು. ಹೆಂಗಸರು ಮಕ್ಕಳೊಂದಿಗೆ ಹೋಗುವವರು ಇಂಥದ್ದನ್ನು ಮೊದಲು ನೋಡುವುದು ಜಾಣತನ.

ಕೈಗೆ ಬಂದ ಮೊಬೈಲು, ಬಾರದ ಚಿತ್ರ

'ಕಣ್ಣಿಗೆ ಕೆಂಪಗೆ ಕಂಡಿತ್ತು, ಫೋಟೋದಲ್ಲಿ ಬೆಳ್ಳಗೆ ಬಂದಿದೆ' ಎಂಬುದು ಎಲ್ಲರ ದೂರು. ಕಾರಣ ಸರಳ. ಕ್ಯಾಮೆರಾ ಎದುರಿನ ಕತ್ತಲ ಮರಳನ್ನು, ಕಪ್ಪು ಮುಖವನ್ನು ನೋಡಿ 'ಬೆಳಕು ಸಾಲದು' ಎಂದು ತಾನೇ ಬೆಳಕು ಹೆಚ್ಚಿಸಿಕೊಳ್ಳುತ್ತದೆ. ಆಗ ಆಕಾಶ ಬಿಳುಚಿಕೊಳ್ಳುತ್ತದೆ. ಮೊಬೈಲ್ ಪರದೆಯಲ್ಲಿ ಸೂರ್ಯನ ಪಕ್ಕದ ಆಕಾಶವನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಬರುವ ಗುರುತನ್ನು ಕೆಳಕ್ಕೆ ಎಳೆದು ಬೆಳಕು ತಗ್ಗಿಸಿ. ಬಣ್ಣ ಹಿಂದಿರುಗುತ್ತದೆ.

ದೊಡ್ಡ ಕ್ಯಾಮೆರಾದವರಿಗೆ ಹಳೆಯ ಸ್ಟುಡಿಯೋದವರ ಸೂತ್ರವೇ ಸಾಕು. ನಡು ಮಧ್ಯಾಹ್ನದ ಬಿಸಿಲಿಗೆ ಅಪರ್ಚರ್ 16, ಶಟರ್ ವೇಗ ಫಿಲ್ಮಿನ ಸ್ಪೀಡಿನಷ್ಟು. ಸಂಜೆಗೆ ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ತೆರೆಯುತ್ತಾ ಹೋಗಬೇಕು. 100 ಸ್ಪೀಡಿಗೆ ಅಪರ್ಚರ್ 8, ಸೆಕೆಂಡಿನ 125ನೇ ಒಂದು ಭಾಗದಿಂದ ಶುರು ಮಾಡಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಮನೆಯವರ ಮುಖವೂ ಬೇಕು, ಸೂರ್ಯನೂ ಬೇಕು ಎಂದರೆ ಫ್ಲಾಶ್ ಹಾಕಲೇಬೇಕು. ಇಲ್ಲವಾದರೆ ಮುಖದ ಆಸೆ ಬಿಟ್ಟು ಆಕೃತಿಯನ್ನು ಮಾತ್ರ ಹಿಡಿಯಬೇಕು. ಬಲೆ ಎಳೆಯುವವರು, ಕೈ ಹಿಡಿದ ಅಜ್ಜಿ-ಮೊಮ್ಮಗು, ಗಾಳಿಪಟದ ಹುಡುಗ ಇವೆಲ್ಲ ಕಪ್ಪಾಗಿ ಬಂದರೇ ಚೆಂದ. ದಿಗಂತದ ಗೆರೆ ಸೊಟ್ಟಗಿದ್ದರೆ ಸಮುದ್ರ ಒಂದು ಪಕ್ಕಕ್ಕೆ ಚೆಲ್ಲಿ ಹೋಗುವಂತೆ ಕಾಣುತ್ತದೆ, ಅದನ್ನು ನೇರ ಇಡಿ. ಸೂರ್ಯ ಮುಳುಗಿದ ಕೂಡಲೇ ಜನ ಎದ್ದು ಚುರುಮುರಿ ಗಾಡಿಗೆ ಓಡುತ್ತಾರೆ. ಅಸಲು ಬಣ್ಣ ಏರುವುದು ಆಮೇಲಿನ ಹತ್ತು-ಹದಿನೈದು ನಿಮಿಷದಲ್ಲಿ. ಇಪ್ಪತ್ತು ನಿಮಿಷ ಕಾದವನಿಗೆ ಕಡಲು ಮೋಸ ಮಾಡುವುದಿಲ್ಲ.

ಎಚ್ಚರಿಕೆಯ ಮಾತೆರಡು. ಸೂರ್ಯ ಇನ್ನೂ ಉರಿಯುತ್ತಿರುವಾಗ ಲೆನ್ಸಿನ ಕಿಂಡಿಯಲ್ಲಿ ನೇರ ಕಣ್ಣಿಟ್ಟು ನೋಡಬಾರದು, ಕಣ್ಣಿಗೆ ಕೇಡು. ಎರಡನೆಯದು, ಉಪ್ಪುಗಾಳಿ ಮತ್ತು ಮರಳು. ದಂಡೆಯಲ್ಲಿ ಲೆನ್ಸ್ ಬದಲಿಸಬಾರದು. ಕರ್ಚೀಫಿನಿಂದ ಉಜ್ಜಿದರೆ ಮರಳ ಹರಳು ಗಾಜನ್ನು ಗೀರುತ್ತದೆ. ಊದಿ, ಮೆತ್ತಗೆ ಒರೆಸಬೇಕು.

ಮದುವೆಗೆ ಮುಂಚಿನ ಫೋಟೋ ಮದುವೆ

ಒಂದು ಕಾಲಕ್ಕೆ ಪಾಸ್‌ಪೋರ್ಟ್ ಸೈಜಿನ ಫೋಟೋ ಮತ್ತು ಮದುವೆ ಆಲ್ಬಂ ಸ್ಟುಡಿಯೋಗಳನ್ನು ಸಾಕುತ್ತಿದ್ದವು. ಮೊಬೈಲ್ ಬಂದ ಮೇಲೆ ಮೊದಲನೆಯದರ ಬಹುಪಾಲು ಹೋಯಿತು. ಉಳಿದದ್ದು ಮದುವೆ. ಅದಕ್ಕೆ ಹೊಸದಾಗಿ ಸೇರಿದ್ದು 'ಪ್ರೀ ವೆಡ್ಡಿಂಗ್ ಶೂಟ್'. ನಿಶ್ಚಿತಾರ್ಥವಾದ ಹುಡುಗ-ಹುಡುಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು, ಎರಡು ಮೂರು ಜೊತೆ ಬಟ್ಟೆ ಕಟ್ಟಿಕೊಂಡು, ಘಟ್ಟ ಇಳಿದು ದಂಡೆಗೆ ಹೋಗುವುದು. ಸೂರ್ಯ ಮುಳುಗುವ ಹೊತ್ತಿಗೆ ಅಲೆಯಲ್ಲಿ ನಿಲ್ಲಿಸಿ ಫೋಟೋ, ವಿಡಿಯೋ ತೆಗೆಯುವುದು. ಅಜ್ಜ-ಅಜ್ಜಿ ಬಟ್ಟೆಯ ಪರದೆಯ ಮುಂದೆ ನಿಂತಿದ್ದರು, ಮೊಮ್ಮಕ್ಕಳು ನಿಜವಾದ ನೀರಿನಲ್ಲಿ ನಿಲ್ಲುತ್ತಾರೆ.

ಹಿರಿಯರಿಗೆ ಇದು ಹಿಡಿಸುವುದಿಲ್ಲ. 'ತಾಳಿ ಕಟ್ಟೋಕ್ ಮುಂಚೆ ಇದೇನ್ ಕುಣಿತ?' ಎಂಬ ಗೊಣಗಾಟ ಮನೆಮನೆಯಲ್ಲಿದೆ. ಆದರೆ ಛಾಯಾಗ್ರಾಹಕನ ಮಟ್ಟಿಗೆ ಇದು ಹೊಟ್ಟೆಪಾಡು. ಕ್ಯಾಮೆರಾಕ್ಕೆ ಸಾಲ, ಲೆನ್ಸಿಗೆ ಸಾಲ, ಡ್ರೋನಿಗೆ ಸಾಲ ಮಾಡಿದವನು ಮುಹೂರ್ತದ ತಿಂಗಳುಗಳಲ್ಲಿ ದುಡಿದು ಆಷಾಢದಲ್ಲಿ ಉಣ್ಣಬೇಕು. ಅವನಿಗೆ ಸಿಗುವುದು ಆ ಎರಡು ನಿಮಿಷ. 'ಇನ್ನೊಂದ್ ಹೆಜ್ಜೆ ಹಿಂದೆ, ಇನ್ನೊಂದ್ ಹೆಜ್ಜೆ' ಎನ್ನುವ ಮಾತು ಹುಟ್ಟುವುದು ಆ ಅವಸರದಲ್ಲೇ. ಹಿಂದೆ ಇರುವುದು ಸಮುದ್ರ ಎಂಬುದು ಇಬ್ಬರಿಗೂ ಮರೆತಿರುತ್ತದೆ.

ಡ್ರೋನ್ ಹಾರಿಸುವವರಿಗೆ 2021ರ ಡ್ರೋನ್ ನಿಯಮಗಳು ಅನ್ವಯ. ನೋಂದಣಿ ಬೇಕು, ವಿಮಾನ ನಿಲ್ದಾಣದ ಸುತ್ತ ಮತ್ತು ಸರ್ಕಾರ ಗುರುತಿಸಿದ ಕೆಂಪು ವಲಯಗಳಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬಂದರಿನ ಬಳಿ 'ಯಾರ್ ನೋಡ್ತಾರೆ' ಎಂದು ಹಾರಿಸಿ ಠಾಣೆಯಲ್ಲಿ ಕೂತರೆ ಮದುವೆಯ ಆರ್ಡರೂ ಹೋಯಿತು, ಡ್ರೋನೂ ಹೋಯಿತು.

ಕೆರೆಯ ಈಜು ಕಡಲಿಗೆ ಸಾಲದು

ಈಗ ಮುಖ್ಯ ಮಾತು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ನಾಡೇ ಮರುಗಿತು. ಕೋಲಾರವೂ ಹಾಸನದಂತೆ ಸಮುದ್ರವಿಲ್ಲದ ಜಿಲ್ಲೆ. ಅಲ್ಲಿನ ಮಕ್ಕಳಿಗೆ ಏನಾಯಿತೋ ಅದು ಇಲ್ಲಿನ ಮಕ್ಕಳಿಗೂ ಆಗಬಹುದು ಎಂಬುದನ್ನು ಪ್ರವಾಸ ಏರ್ಪಡಿಸುವ ಪ್ರತಿಯೊಬ್ಬರೂ ನೆನಪಿಡಬೇಕು.

ನಮ್ಮ ಹುಡುಗರು ಹೇಮಾವತಿಯಲ್ಲಿ ಈಜಿದವರು, ಕೆರೆಯ ಏರಿಯಿಂದ ಧುಮುಕಿದವರು. ಅದೇ ಧೈರ್ಯವನ್ನು ಕಡಲಿಗೂ ಒಯ್ಯುತ್ತಾರೆ. ಕೆರೆಯ ನೀರು ಇದ್ದಲ್ಲಿ ಇರುತ್ತದೆ, ಹೊಳೆಯ ನೀರು ಒಂದೇ ಕಡೆ ಹರಿಯುತ್ತದೆ. ಕಡಲಿನ ನೀರು ಬರುತ್ತದೆ, ಹೋಗುತ್ತದೆ, ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ದಂಡೆಗೆ ನುಗ್ಗಿದ ಅಲೆಗಳ ನೀರು ಹಿಂದಿರುಗಲು ಒಂದು ಕಿರಿದಾದ ಓಣಿ ಮಾಡಿಕೊಂಡು ರಭಸದಿಂದ ಒಳಕ್ಕೆ ಹರಿಯುತ್ತದೆ. ಇದೇ ಸೆಳೆತ. ಮೋಸವೆಂದರೆ, ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. 'ಇಲ್ಲಿ ಅಲೆ ಇಲ್ಲ ಬನ್ರೋ' ಎಂದು ಇಳಿಯುವುದು ಅಲ್ಲಿಗೇ!

ಸೆಳೆತಕ್ಕೆ ಸಿಕ್ಕವನು ದಡದ ಕಡೆಗೆ ನೇರ ಈಜಿದರೆ ಸೋತು ಮುಳುಗುತ್ತಾನೆ. ಗಾಬರಿಯಾಗದೆ ತೇಲಬೇಕು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಿದ್ದು, ಆಮೇಲೆ ಅಲೆಯೊಂದಿಗೆ ದಡ ಸೇರಬೇಕು. ದಡದಲ್ಲಿರುವವರು ಒಬ್ಬರ ಹಿಂದೊಬ್ಬರು ನೀರಿಗೆ ಹಾರಬಾರದು. ಹಗ್ಗ, ಟ್ಯೂಬು, ಖಾಲಿ ಕ್ಯಾನು ಏನಾದರೂ ತೇಲುವುದನ್ನು ಎಸೆಯಬೇಕು. ಜೀವರಕ್ಷಕರನ್ನು ಕರೆಯಬೇಕು, 112ಕ್ಕೆ ಫೋನ್ ಮಾಡಬೇಕು.

ಸೂರ್ಯಾಸ್ತದ ಹೊತ್ತು ಇನ್ನೂ ಅಪಾಯ. ಯಾಕೆಂದರೆ ಎಲ್ಲರ ಕಣ್ಣೂ ಪರದೆಯ ಮೇಲೆ. ಫೋಟೋ ತೆಗೆಸಿಕೊಳ್ಳುವವನ ಬೆನ್ನು ಕಡಲಿಗೆ. ಬೆಳಕು ನಿಮಿಷ ನಿಮಿಷಕ್ಕೂ ಇಳಿಯುತ್ತಿರುತ್ತದೆ, ನೀರಿನಲ್ಲಿ ತಲೆ ಕಾಣುವುದಿಲ್ಲ. ಐದಾರು ಸಣ್ಣ ಅಲೆಯ ಹಿಂದೆ ಒಂದು ದೊಡ್ಡ ಅಲೆ ಬರುವುದುಂಟು. ಪಾಚಿ ಹಿಡಿದ ಬಂಡೆಯ ಮೇಲೆ ನಿಂತವನಿಗೆ ಆ ಒಂದು ಸಾಕು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ನೀರಿನ ಏರಿಳಿತ ಹೆಚ್ಚು. ಮಧ್ಯಾಹ್ನ ನಡೆದು ಹೋದ ಬಂಡೆಗೆ ಸಂಜೆ ನೀರು ಸುತ್ತಿಕೊಂಡಿರುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನಿನ ಸಂತತಿ ಬೆಳೆಯಲೆಂಬುದು ಅದರ ಉದ್ದೇಶ. ಆ ಕಾಲಕ್ಕೆ ಕಡಲು ಹೇಗಿರುತ್ತದೆ ಎಂಬುದನ್ನು ಮೊಗವೀರರನ್ನು ಕೇಳಿದರೆ ಗೊತ್ತಾಗುತ್ತದೆ. ಹುಟ್ಟಿದಾಗಿನಿಂದ ಕಡಲನ್ನೇ ನಂಬಿದವರೂ ಹುಷಾರಾಗಿರುವ ದಿನಗಳಲ್ಲಿ ಹಾಸನದವರು ಸೆಲ್ಫಿಗಾಗಿ ನೀರಿಗೆ ಇಳಿಯುವುದು ಎಂಥ ಶೌರ್ಯ?

ನಮ್ಮೂರಿನ ಸೂರ್ಯ ಏನು ತಪ್ಪು ಮಾಡಿದ?

ಕಡಲಿಗೆ ಹೋಗಬಾರದೆಂದಲ್ಲ. ಆದರೆ ಸೂರ್ಯ ಜಿಲ್ಲೆಯಲ್ಲೂ ಮುಳುಗುತ್ತಾನೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟಗಳ ಮೇಲಿಂದ ಕಲ್ಯಾಣಿ, ತೆಂಗಿನ ತೋಟ, ಕೆರೆಗಳ ಆಚೆ ಇಳಿಯುವ ಸೂರ್ಯನನ್ನು ನೋಡಿದವರು ಮರೆಯಲಾರರು. ಅಲ್ಲಿ 58 ಅಡಿಯ ಗೊಮ್ಮಟನ ಮುಖ ಉತ್ತರಕ್ಕೆ. ಸಂಜೆಯ ಬೆಳಕು ಅವನ ಎಡಗಡೆಯಿಂದ ಬರುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿ ಊರನ್ನೇ ಸವರಿ ಹರಿಯುತ್ತಾಳೆ. ಅರಕಲಗೂಡು ತಾಲ್ಲೂಕಿನ ಕೊಣನೂರಿನಲ್ಲಿ ಕಾವೇರಿಯ ಮೇಲೆ ತೂಗುಸೇತುವೆಯಿದೆ, ರಾಮನಾಥಪುರದಲ್ಲಿ ಹೊಳೆದಂಡೆಯ ದೇವಸ್ಥಾನಗಳಿವೆ. ಸಕಲೇಶಪುರದ ಮಂಜರಾಬಾದ್ ಕೋಟೆ ನಕ್ಷತ್ರದ ಆಕಾರ, ಟಿಪ್ಪು ಕಟ್ಟಿಸಿದ್ದು. ಅಲ್ಲಿಂದ ಘಟ್ಟದ ಸಾಲು ಪದರ ಪದರವಾಗಿ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಕ್ಯಾಮೆರಾಗಳು ಮುಖ ಮಾಡಿರುವುದು ಶೆಟ್ಟಿಹಳ್ಳಿಯ ಕಡೆಗೆ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ರೋಸರಿ ಚರ್ಚು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದೆ. 1979ರಲ್ಲಿ ಮುಗಿದ ಆ ಅಣೆಕಟ್ಟಿನ ಪೂರ್ಣಮಟ್ಟ 2922 ಅಡಿ, ಹಿಡಿಯುವ ನೀರು 37 ಟಿಎಂಸಿ. ಕಮಾನುಗಳ ನಡುವೆ ಸೂರ್ಯನನ್ನು ಕೂರಿಸಿ ತೆಗೆದ ಚಿತ್ರ ಇಂದು ದೇಶದ ತುಂಬ ಓಡಾಡುತ್ತಿದೆ. ಆದರೆ ಆ ಚಿತ್ರ ನೋಡಿ 'ಸೂಪರ್' ಎನ್ನುವವರಿಗೆ ಒಂದು ಮಾತು ಗೊತ್ತಿರಬೇಕು. ಆ ನೀರಿನಡಿ ಹೊಲಗಳಿದ್ದವು, ಮನೆಗಳಿದ್ದವು. ಜನ ಗಂಟುಮೂಟೆ ಕಟ್ಟಿಕೊಂಡು ಎದ್ದು ಹೋದರು. ಅವರು ಬಿಟ್ಟ ನೆಲದ ಮೇಲೆ ನಿಂತ ನೀರು ಇಂದು ಕಾಲುವೆಗಳಲ್ಲಿ ಹರಿದು ಬೇರೆಯವರ ಗದ್ದೆ ಹಸಿರು ಮಾಡಿದೆ.

ಆ ಗೋಡೆಗಳು ವರ್ಷಕ್ಕೆ ತಿಂಗಳುಗಟ್ಟಲೆ ನೀರಿನಲ್ಲಿ ನೆಂದು, ಮತ್ತೆ ಬಿಸಿಲಿಗೆ ಒಣಗಿ, ಶಿಥಿಲವಾಗಿವೆ. ಅವುಗಳ ಕೆಳಗೇ ನಿಂತು, ಕೆಲವರು ಮೇಲೆ ಹತ್ತಿ, ಫೋಟೋ ತೆಗೆಸಿಕೊಳ್ಳುತ್ತಾರೆ. ಹಿನ್ನೀರು ಇಳಿದ ಜಾಗದ ಕೆಸರು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಕಾಲು ಹೂತರೆ ಎಳೆಯಲು ಜನ ಬೇಕು. ಕಡಲಿನಲ್ಲಿ ಕಾವಲಿಗೆ ಜೀವರಕ್ಷಕನಾದರೂ ಇರುತ್ತಾನೆ. ಇಲ್ಲಿ?

ಮಾಡಬೇಕಾದದ್ದೇನು?

ದೊಡ್ಡ ಯೋಜನೆ, ಕೋಟಿ ರೂಪಾಯಿ ಬೇಕಿಲ್ಲ. ಸಣ್ಣ ಕೆಲಸಗಳೇ ಸಾಕು.

ಒಂದು: ಶಾಲಾ ಪ್ರವಾಸಕ್ಕೆ ಹೊರಡುವ ಮೊದಲು ತರಗತಿಯಲ್ಲೇ ಅರ್ಧ ಗಂಟೆ ಕಡಲಿನ ಪಾಠ ಆಗಬೇಕು. ಸೆಳೆತ ಎಂದರೇನು, ಕೆಂಪು ಬಾವುಟ ಎಂದರೇನು ಎಂಬುದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಬೇಕು.

ಎರಡು: ದಂಡೆಯಲ್ಲಿ ಫೋಟೋ ತೆಗೆಯುವ ಮೇಷ್ಟ್ರು ಬೇರೆ, ಮಕ್ಕಳನ್ನು ಎಣಿಸುವ ಮೇಷ್ಟ್ರು ಬೇರೆ ಇರಬೇಕು. ಒಬ್ಬರೇ ಎರಡೂ ಮಾಡಲಾಗದು. ಸೂರ್ಯ ಮುಳುಗಿದ ಮೇಲೆ ಒಂದು ಮಗುವೂ ನೀರಿನಲ್ಲಿರಬಾರದು.

ಮೂರು: ಫೋಟೋದವರು ಜೋಡಿಯನ್ನು ಮೊಣಕಾಲಿಗಿಂತ ಆಳಕ್ಕೆ ಇಳಿಸಬಾರದು, ಬಂಡೆಯ ತುದಿಗೆ ನಿಲ್ಲಿಸಬಾರದು. ಕಡಲ ಮೇಲೆ ಕಣ್ಣಿಡಲು ಒಬ್ಬ ಸಹಾಯಕ ಬೇಕೇ ಬೇಕು. ಇದನ್ನು ಛಾಯಾಗ್ರಾಹಕರ ಸಂಘಗಳು ತಾವೇ ನಿಯಮ ಮಾಡಿಕೊಂಡರೆ ಗ್ರಾಹಕರೂ ಒಪ್ಪುತ್ತಾರೆ.

ನಾಲ್ಕು: ಹಾಸನದ ಬಸ್ ನಿಲ್ದಾಣದಲ್ಲೂ ರೈಲು ನಿಲ್ದಾಣದಲ್ಲೂ ಮಳೆಗಾಲದಲ್ಲಿ ಘಾಟಿಯ ಸ್ಥಿತಿ ತಿಳಿಸುವ ಒಂದು ಕರಿಹಲಗೆಯಾದರೂ ಇರಲಿ.

ಐದು: ಶೆಟ್ಟಿಹಳ್ಳಿಯಲ್ಲಿ ಗೋಡೆ ಹತ್ತದಂತೆ ತಡೆ, ನೀರಿನ ಆಳ ತಿಳಿಸುವ ಫಲಕ, ರಜಾ ದಿನಗಳಲ್ಲಿ ಒಬ್ಬ ಕಾವಲುಗಾರ ಬೇಕು. ಬರುವ ಜನರಿಂದ ಪಕ್ಕದ ಹಳ್ಳಿಯ ನಾಲ್ಕು ಮನೆಗೆ ಟೀ ಅಂಗಡಿಯ ಆದಾಯವಾದರೂ ಆದರೆ ಒಳ್ಳೆಯದೇ.

ಮುಹೂರ್ತದ ಕಾಲ, ಪ್ರವಾಸದ ಕಾಲ ಪ್ರತಿ ವರ್ಷ ಬರುತ್ತವೆ. ಸೂರ್ಯ ನಾಳೆಯೂ ಮುಳುಗುತ್ತಾನೆ, ನಾಡಿದ್ದೂ ಮುಳುಗುತ್ತಾನೆ. ಅವನ ಫೋಟೋ ತಪ್ಪಿದರೆ ಇನ್ನೊಂದು ಸಂಜೆ ಸಿಗುತ್ತದೆ. ಘಟ್ಟ ಇಳಿದು ಹೋದ ಮಕ್ಕಳು ಘಟ್ಟ ಹತ್ತಿ ಮನೆಗೆ ಬರಬೇಕು, ಅದು ಮುಖ್ಯ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?